ಕಾಲ ಅಂದರೆ ನಿನ್ನೆ

ಮೊನ್ನೆ ರೇಶನ್ ಕಾರ್ಡು ಹುಡುಕುತ್ತ ಕಪಾಟಿನ ಮೇಲಿಂದ ಒಂದು ಪುಸ್ತಕ ಎಳೆದೆ. ಎಳೆದದ್ದೇ ತಡ, ಹಾಳೆಗಳ ನಡುವಿಂದ ಜೋಳದ ಹಿಟ್ಟು ಸುರಿದು ಮೀಸೆ ಬೆಳ್ಳಗಾಯಿತು. ಮೊದಲೇ ಅರ್ಧ ಬೆಳ್ಳಗಿದ್ದ ಮೀಸೆ, ಉಳಿದರ್ಧದ ಕೆಲಸವೂ ಮುಗಿಯಿತು ಅನ್ನಿ. ಬೇರೆಯವರ ಪುಸ್ತಕದಲ್ಲಿ ಒಣಗಿದ ಹೂವು, ನವಿಲುಗರಿ, ಹಳೆಯ ಪತ್ರ ಸಿಗುತ್ತವಂತೆ. ನಮ್ಮ ಮನೆಯವುಗಳಲ್ಲಿ ಹಿಟ್ಟು ಸಿಗುತ್ತದೆ. ಗಿರಣಿಯವನು ಓದಿದ ಪುಸ್ತಕ ಅಂದರೆ ಹಾಗೇ. ಯಾವ ಪುಟದಲ್ಲಿ ನನಗೆ ಸಿಟ್ಟು ಬಂದಿತ್ತು ಅನ್ನುವುದನ್ನೂ ಅದರಿಂದ ಹೇಳಬಹುದು. ಸಿಟ್ಟು ಬಂದ ಕಡೆ ಐದೂ ಬೆರಳು ಮೂಡಿರುತ್ತವೆ. ಈ ಪುಸ್ತಕದ ಕೊನೆಯ ಪುಟದಲ್ಲಿ ಹತ್ತು ಬೆರಳಿವೆ. ಹೆಸರು ಹೇಳುವುದಿಲ್ಲ, ಬರೆದಾತ ಇನ್ನೂ ಎಲ್ಲಿಯೋ ಸುಖವಾಗಿ ಇರಬಹುದು.

ಅಕ್ಕಲಕೋಟದಲ್ಲಿ ನಮ್ಮದು ಹಿಟ್ಟಿನ ಗಿರಣಿ, ಅಪ್ಪ ಹಾಕಿದ್ದು. ನಾನು ಏಳನೇ ಇಯತ್ತೆ ಮುಗಿಸಿದ ವರ್ಷ ಅಪ್ಪ ನನ್ನ ಕೈಗೆ ಉಳಿ-ಸುತ್ತಿಗೆ ಕೊಟ್ಟ. ಗಿರಣಿಯ ಕಲ್ಲು ಸವೆದು ನುಣುಪಾದಾಗ ಅದಕ್ಕೆ ಹೊಸದಾಗಿ ಹಲ್ಲು ಮೂಡಿಸಬೇಕು. ಟಾಕಿ ಹೊಡೆಯುವುದು ಅನ್ನುತ್ತೇವೆ. "ಸಾಲ್ಯಾಗ ಅಕ್ಷರ ಕೆತ್ತಿದ್ದ ಸಾಕು, ಇನ್ನ ಕಲ್ಲ ಕೆತ್ತು" ಅಂದ. ನನಗೇನೂ ದುಃಖವಾಗಲಿಲ್ಲ. ಗಣಿತದ ಗುರೂಜಿಯ ಕೈಯಿಂದ ಪಾರಾದೆ ಅಂತ ಆ ದಿನ ಎರಡು ಭಕ್ಕರಿ ಜಾಸ್ತಿ ತಿಂದೆ. ಇವತ್ತು ಕಣ್ಣು ಮುಚ್ಚಿ ಎರಡು ಬೆರಳಲ್ಲಿ ಹಿಟ್ಟು ತಿಕ್ಕಿದರೆ ಸಾಕು, ಜೋಳ ಮೈಂದರ್ಗಿ ಕಡೆಯದೋ ಕರಜಗಿ ಕಡೆಯದೋ, ಹೋದ ವರ್ಷದ್ದೋ ಈ ವರ್ಷದ್ದೋ ಹೇಳುತ್ತೇನೆ. ಎರಡೆರಡು ಡಿಗ್ರಿ ಮಾಡಿದವರನ್ನು ಕರೆದು ತನ್ನಿ, ಹೇಳಲಿ ನೋಡೋಣ.

ನಾನು ಕಲಿತ ಸಾಲಿ ಮರಾಠಿಯದು. ಮನೆಯಲ್ಲಿ ಮಾತು ಕನ್ನಡ, ಸಾಲಿಯಲ್ಲಿ ಅಕ್ಷರ ಮರಾಠಿ. ನಮ್ಮ ಕಡೆ ಅರ್ಧ ಊರು ಹೀಗೇ. ನನಗೆ ಕನ್ನಡ ಅಕ್ಷರ ಕಲಿಸಿದವಳು ಹೆಂಡತಿ ಕಸ್ತೂರಿ. ಇಂಡಿ ಕಡೆಯವಳು, ಐದನೇ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತವಳು. ಮದುವೆಯಾದ ಹೊಸತರಲ್ಲಿ ತಾಟಿನಲ್ಲಿ ಹಿಟ್ಟು ಹರವಿ ಅದರ ಮೇಲೆ ಬೆರಳಿನಿಂದ ಅ, ಆ ತಿದ್ದಿಸಿದಳು. ತಪ್ಪಾದರೆ ತಾಟು ಅಲುಗಿಸಿ ಅಳಿಸುತ್ತಿದ್ದಳು.

"ನನಗಿಂತ ಎರಡ ಇಯತ್ತೆ ಕಡಿಮಿ ಓದಿ ನನಗ ಕಲಸ್ತಿಯೇನು?" ಅಂತ ನಾನು ಅಂದರೆ, "ಕಡಿಮಿ ಓದೀನ್ರಿ, ಖರೆ ಬರೋಬರಿ ಓದೀನಿ" ಅನ್ನುತ್ತಿದ್ದಳು.

ಪುಸ್ತಕದ ಹುಚ್ಚು ಆಕೆಯದು. ಗಿರಣಿಯ ಪಟ್ಟಾ, ಬೇರಿಂಗು ತರಲು ನಾನು ಸೊಲ್ಲಾಪುರಕ್ಕೆ ಹೊರಟರೆ ಆಕೆಯದು ಒಂದೇ ಮಾತು, "ಕನ್ನಡದ್ದು ಏನರ ಸಿಕ್ಕರ ತರ್ರಿ." ಅಲ್ಲಿಯ ಫುಟ್‌ಪಾತಿನ ಹಳೇ ಪುಸ್ತಕದವರ ಹತ್ತಿರ ಮರಾಠಿಯವು ರಾಶಿಗಟ್ಟಲೆ. ಕನ್ನಡದ್ದನ್ನು ದುರ್ಬೀನು ಹಚ್ಚಿ ಹುಡುಕಬೇಕು. ಒಂದು ಸಲ ಒಬ್ಬ ಇಡೀ ಗೋಣಿಚೀಲವನ್ನೇ ನನ್ನ ಮುಂದೆ ದೂಡಿದ.

"ಇದೆಲ್ಲಾ ಕನ್ನಡ ಐತಿ ನೋಡ್ರಿ ಮಾಮಾ. ಯಾರೋ ಹೆಡ್‌ಕ್ಲರ್ಕ ಇದ್ದರಂತ. ಮನಿ ಖಾಲಿ ಮಾಡೂ ಮುಂದ ಮಕ್ಕಳು ತಂದು ಹಾಕ್ಯಾರ. ಅವರಿಗಿ ಓದಾಕ ಬರೂದಿಲ್ಲಂತ."

"ಯಾವ ಯಾವ ಪುಸ್ತಕ ಅದಾವು?"

"ನನಗೂ ಓದಾಕ ಬರೂದಿಲ್ರಿ. ಚಿತ್ರ ನೋಡಿ ತಗೋರಿ."

ಚಿತ್ರ ನೋಡಿದೆ. ಒಂದರ ಮೇಲೆ ರಾಕೆಟ್ಟು, ಒಂದರ ಮೇಲೆ ತಗಡಿನ ಮನುಷ್ಯ, ಇನ್ನೊಂದರ ಮೇಲೆ ಗಡಿಯಾರದೊಳಗೆ ಹೆಜ್ಜೆ ಇಡುತ್ತಿರುವ ಗಂಡಸು. ಆ ಹೆಡ್‌ಕ್ಲರ್ಕರಿಗೆ ವಿಜ್ಞಾನದ ಕಾದಂಬರಿ ಬಿಟ್ಟು ಬೇರೆ ಚಟ ಇರಲಿಲ್ಲ ಅಂತ ಕಾಣುತ್ತದೆ. ಹೀಗೆ ಅಕ್ಕಲಕೋಟದ ಒಂದು ಹಿಟ್ಟಿನ ಗಿರಣಿಗೆ ಅಂತರಿಕ್ಷ ಬಂತು, ಎಸ್‌ಟಿ ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ ಕೂತು.

ಕಸ್ತೂರಿ ಓದಿ ಮುಗಿಸಿದ್ದನ್ನು ನಾನು ಗಿರಣಿಯಲ್ಲಿ ಕೂತು ಓದುತ್ತಿದ್ದೆ. ಮೊದಲನೆಯದು ಮಂಗಳ ಗ್ರಹಕ್ಕೆ ಹೋದವರ ಕಥೆ. ನೂರು ಪುಟ ದಾಟಿದರೂ ಒಬ್ಬನಿಗೂ ಹಸಿವಾಗಲಿಲ್ಲ. ಕೊನೆಗೊಮ್ಮೆ ಹಸಿವಾಯಿತು, ಆದಾಗ ಏನು ಮಾಡಿದರು? ಒಂದೊಂದು ಗುಳಿಗೆ ನುಂಗಿದರು. ಒಂದು ಗುಳಿಗೆಯಲ್ಲಿ ಎರಡು ದಿನದ ಊಟವಂತೆ. ನನಗೆ ಮೈ ಉರಿದುಹೋಯಿತು. ಭಕ್ಕರಿ ಇಲ್ಲ, ಶೇಂಗಾ ಚಟ್ನಿ ಇಲ್ಲ, ಉಂಡ ಮೇಲೆ ಒಂದು ಸಮಾಧಾನದ ತೇಗು ಸುದ್ದಾ ಇಲ್ಲ. ಪುಸ್ತಕವನ್ನು ತೂರಿ ಒಗೆದೆ, ಗೋಧಿಯ ಚೀಲದ ಮೇಲೆ ಹೋಗಿ ಬಿತ್ತು.

"ಯಾಕ್ರಿ, ಏನಾತು?" ಅಂತ ಕಸ್ತೂರಿ ಒಳಗಿನಿಂದ ಬಂದಳು.

"ಇಂವಗ ಗಿರಣಿಯವರ ಮ್ಯಾಲ ಏನ ಸಿಟ್ಟ ಐತಿ? ಗುಳಿಗಿ ತಿಂದ ಬದಕ್ಯಾರಂತ."

"ಮಂಗಳದ ಮ್ಯಾಲ ಗಿರಣಿ ಇಲ್ರಿ."

"ಹಾಕಲಿ. ಜಾಗಾ ಬೇಕಾದಷ್ಟ ಐತೆಲ್ಲ."

ಹಾಗಂತ ಬರೀ ಸಿಟ್ಟೇ ಬರುತ್ತಿತ್ತು ಅಂತಲ್ಲ. ಇನ್ನೊಂದು ಪುಸ್ತಕದಲ್ಲಿ, ನಾವು ಕಾಣುವ ಚುಕ್ಕಿಯ ಬೆಳಕು ಅಲ್ಲಿಂದ ಹೊರಟು ನೂರಾರು ವರ್ಷ ಆಗಿರುತ್ತದೆ ಅಂತ ಓದಿದೆ. ಓದಿದ ಸಂತೋಷಕ್ಕೆ ಗಿರಣಿ ಹಾಗೇ ಬಿಟ್ಟು ರಸ್ತೆಗೆ ಓಡಿ ಆಕಾಶ ನೋಡಿದೆ. ಮಧ್ಯಾಹ್ನ ಎರಡು ಗಂಟೆ, ಚುಕ್ಕಿ ಎಲ್ಲಿಂದ ಬರಬೇಕು? ಇತ್ತ ಗಿರಣಿಯ ಬಾಯಲ್ಲಿ ಕಾಳು ಖಾಲಿಯಾಗಿ ಕಲ್ಲಿಗೆ ಕಲ್ಲು ತಿಕ್ಕಿ ಕಮರು ವಾಸನೆ ಎದ್ದಿತ್ತು. ಆದರೂ ಒಂದು ವಾರ ಬಂದವರಿಗೆಲ್ಲ ಅದನ್ನೇ ಹೇಳಿದೆ. ನಮ್ಮ ಓಣಿಯ ಸಿದ್ದವ್ವ ಅಂತ ಇದ್ದಾಳೆ, ಎಪ್ಪತ್ತು ದಾಟಿದ ಮುದುಕಿ. ಹಿಟ್ಟಿಗಿಂತ ಮಾತಿಗಾಗಿ ಗಿರಣಿಗೆ ಬರುವವಳು. ಆಕೆ ಕೇಳಿ, "ಹಳೀ ಬೆಳಕಾದ್ರ ಏನಾತೋ ಮಲ್ಲೂ, ನಾನೂ ಹಳೀಕಿನ. ಬೆಳಗಾಕತ್ತಿಲ್ಲೇನು?" ಅಂದಳು.

ನನ್ನ ಕಾಯಂ ಜಗಳ ಇದ್ದದ್ದು ಹಿಂದಕ್ಕೂ ಮುಂದಕ್ಕೂ ಹೋಗಿ ಬರುವವರ ಕಾದಂಬರಿಗಳ ಜೊತೆ. ಹೋಗಿ ಬಂದೆವು ಅಂದರೆ ಆಯಿತೇನು? ಹಿಟ್ಟಾದ ಜೋಳವನ್ನು ತಿರುಗಿ ಕಾಳು ಮಾಡಿ ತೋರಿಸಲಿ, ಆಮೇಲೆ ನಂಬುತ್ತೇನೆ. ಇದು ಬಾಯಿಮಾತಲ್ಲ. ಒಮ್ಮೆ ಮೋಟರಿನ ವಾಯರು ಅದಲುಬದಲು ಜೋಡಿಸಿ ಗಿರಣಿ ಉಲ್ಟಾ ತಿರುಗಿಸಿದ್ದೇನೆ. ಕಲ್ಲು ಉಲ್ಟಾ ತಿರುಗಿತು, ಹಿಟ್ಟು ಹಿಟ್ಟಾಗಿಯೇ ಬಂತು. ಇದಕ್ಕಿಂತ ದೊಡ್ಡ ಪ್ರಯೋಗ ಯಾವ ವಿಜ್ಞಾನಿ ಮಾಡಿದ್ದಾನೆ?

ಕಸ್ತೂರಿಗೆ ಇದನ್ನು ಹೇಳಿದೆ. ಆಕೆ, "ಮತ್ತ ಹಿಂದಿನಾಕಿ ಹಿಟ್ಟ ಮುಂದಿನಾಕಿ ಡಬ್ಬ್ಯಾಗ ಬರತೈತೆಲ್ರಿ?" ಅಂತ ಕೇಳಿದಳು.

"ಬರತೈತಿ. ಒಂದ ಹಿಡಿ. ಗಿರಣಿ ಅಂದ ಮ್ಯಾಲ ಅಷ್ಟ ಉಳಿಯೂದ."

"ಅಷ್ಟ ಮತ್ತ. ಕತಿ ಬರಿಯಾಂವ ಆ ಒಂದ ಹಿಡಿ ಹಿಟ್ಟಿಲೆ ಭಕ್ಕರಿ ಬಡಿತಾನ."

ನಾನು ಪಟ್ಟಾ ಬಿಗಿ ಮಾಡಲು ಎದ್ದೆ. ಮಾತಿನಲ್ಲಿ ಸೋತಾಗಲೆಲ್ಲ ನನಗೆ ಪಟ್ಟಾ ಸಡಿಲಾಗಿ ಕಾಣುತ್ತದೆ.

ಆ ಗಡಿಯಾರದ ಚಿತ್ರದ ಪುಸ್ತಕವನ್ನು ಕಸ್ತೂರಿ ಅರ್ಧ ಓದಿದ್ದಾಗ ಆಕೆಯ ಕಣ್ಣಿನ ಪೊರೆ ಪೂರ್ತಿ ಬಲಿಯಿತು. ಆಕೆಗೆ ಇದ್ದದ್ದು ಒಂದೇ ಕಣ್ಣು. ಬಲಗಣ್ಣು ಸಣ್ಣವಳಿದ್ದಾಗ ಜೋಳದ ದಂಟು ಬಡಿದು ಹೋಗಿತ್ತು. ಬೆಳಕು-ಕತ್ತಲು ಬಿಟ್ಟರೆ ಅದಕ್ಕೆ ಏನೂ ತಿಳಿಯದು. ಇನ್ನು ಎಡಗಣ್ಣಿಗೇ ಸೊಲ್ಲಾಪುರದಲ್ಲಿ ಆಪರೇಶನ್. ಜೋಡಿ ಕಲ್ಲು ಇಲ್ಲದ ಗಿರಣಿ ಇದ್ದ ಹಾಗೆ, ಇದ್ದದ್ದು ಒಡೆದರೆ ಬಾಗಿಲು ಹಾಕುವುದೇ. ಆಪರೇಶನ್ ಚೆನ್ನಾಗಿಯೇ ಆಯಿತು. ಮನೆಗೆ ಕಳಿಸುವಾಗ ಅಲ್ಲಿಯ ನರ್ಸ್ ಹುಡುಗಿ ನನ್ನನ್ನು ಬದಿಗೆ ಕರೆದು ಹೇಳಿದಳು.

"ಒಂದ ತಿಂಗಳ ಓದೂದು ಬ್ಯಾಡ್ರಿ, ಒಲಿ ಮುಂದ ಕುಂಡ್ರೂದು ಬ್ಯಾಡ, ಬಗ್ಗೂದು ಬ್ಯಾಡ. ಮುಖ್ಯ ಅಂದ್ರ ಕಣ್ಣ ಉಜ್ಜಬಾರದು. ಅಳಾಕಂತೂ ಬಿಡಬ್ಯಾಡ್ರಿ. ಅತ್ತರ ಕೈ ತಾನ ಕಣ್ಣಿಗಿ ಹೋಗತೈತಿ."

ಬೇರೆ ಯಾರಿಗಾದರೂ ಇದು ಸುಲಭದ ಪಥ್ಯ. ಕಸ್ತೂರಿ ತವರು ಬಿಟ್ಟು ಬರುವಾಗ ಅತ್ತವಳಲ್ಲ, ನನ್ನ ಸಿಟ್ಟಿಗಂತೂ ಅಳುವ ಪ್ರಶ್ನೆಯೇ ಇಲ್ಲ. ಆದರೆ ಪುಸ್ತಕದಲ್ಲಿ ಒಂದು ನಾಯಿ ಕಳೆದರೆ ಸಾಕು, ಸೆರಗಿನಿಂದ ಕಣ್ಣು ತಿಕ್ಕಿ ತಿಕ್ಕಿ ಕೆಂಪು ಮಾಡಿಕೊಳ್ಳುತ್ತಾಳೆ. ಆ ತಗಡಿನ ಮನುಷ್ಯ ಕೆಟ್ಟು ನಿಂತಾಗ ಆಕೆ ಒಂದು ಹೊತ್ತು ಉಂಡಿರಲಿಲ್ಲ.

ಮೂರನೇ ದಿನಕ್ಕೇ ಶುರುವಾಯಿತು. "ಮುಂದ ಏನಾತು, ನೀವರ ಓದಿ ಹೇಳ್ರಿ."

ಗಿರಣಿಯ ಕಟ್ಟೆಯ ಮೇಲೆ ಆಕೆಗೊಂದು ಕುರ್ಚಿ ಹಾಕಿದೆ. ಕರಿ ಚಷ್ಮಾ ಹಾಕಿಕೊಂಡು ಆಕೆ ಕೂತರೆ ಗಿರಣಿಯೇ ಆಕೆಯದು ಅನ್ನಬೇಕು, ಹಾಗೆ. ಮಧ್ಯಾಹ್ನ ಗಿರಣಿ ಬಂದ್ ಮಾಡಿ ನಾನು ಗಟ್ಟಿಯಾಗಿ ಓದುವುದು, ಹಿಟ್ಟಿಗೆ ಬಂದ ಹೆಂಗಸರು ಡಬ್ಬಿಗಳ ಮೇಲೆ ಕೂತು ಕೇಳುವುದು. ಸಿದ್ದವ್ವ ಇದ್ದೇ ಇರುತ್ತಿದ್ದಳು. ಜೊತೆಗೆ ಓಣಿಯ ಸೊಸೆ ರೇಖಾ, ಮರಾಠಿಯಲ್ಲಿ ಬಾರಾವಿ, ಅಂದರೆ ಹನ್ನೆರಡನೇ ಇಯತ್ತೆ, ಓದಿದ ಚುರುಕು ಹುಡುಗಿ. ಡಬ್ಬಿಗಳ ಸಾಲು ಬೆಳೆಯಿತು, ಯಾರೂ ಅವಸರ ಮಾಡಲಿಲ್ಲ.

ಕಥೆ ಇಷ್ಟೇ. ಮಾಧವ ಅನ್ನುವವನೊಬ್ಬ ಮನೆಯಲ್ಲೇ ಒಂದು ಯಂತ್ರ ಮಾಡುತ್ತಾನೆ. ಪುಟ್ಟ ಮಗಳಿಗೆ, ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಬರುತ್ತೇನೆ ಅಂತ ಹೇಳಿ ಅದರಲ್ಲಿ ಕೂರುತ್ತಾನೆ. ಯಂತ್ರ ಅವನನ್ನು ಎಪ್ಪತ್ತು ವರ್ಷ ಮುಂದಕ್ಕೆ ಒಯ್ಯುತ್ತದೆ. ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ.

"ಇಲ್ಲೇ ತಪ್ಪ್ಯಾನ ನೋಡು. ಯಂತ್ರದ ಹೆಸರ ಏನು? ಕಾಲಯಂತ್ರ. ಕಾಲ ಅಂದ್ರ ನಿನ್ನಿ. ನಿನ್ನಿಗಿ ಹೋಗೂ ಯಂತ್ರ ಎಪ್ಪತ್ತ ವರ್ಷ ಮುಂದ ಹ್ಯಾಂಗ ಹೋತು? ಸೊಲ್ಲಾಪುರ ಗಾಡಿ ಹತ್ತಿ ಕಲಬುರ್ಗ್ಯಾಗ ಇಳದಂಗ ಆತು."

ಕರಿ ಚಷ್ಮಾ ನನ್ನ ಕಡೆ ತಿರುಗಿತು. "ಕಾಲ ಅಂದ್ರ ನಿನ್ನಿ ಅಂತ ನಿಮಗ ಯಾರ ಹೇಳಿದರು?"

"ಇಡೀ ಅಕ್ಕಲಕೋಟ ಹೇಳತೈತಿ. ರೇಖಾ, ಕಾಲ ಅಂದ್ರ ಏನವಾ?"

"ನಿನ್ನಿ ಮಾಮಾ. ಕಾಲ, ಆಜ, ಉದ್ಯಾ. ನಿನ್ನಿ, ಇವತ್ತು, ನಾಳಿ. ಪೈಲಿ ಇಯತ್ತೆದಾಗನ ಕಲಿಸ್ಯಾರಲ್ರಿ."

"ಅದು ಮರಾಠಿ ಆತು," ಅಂದಳು ಕಸ್ತೂರಿ. "ಇದು ಕನ್ನಡ ಪುಸ್ತಕ. ಕನ್ನಡದಾಗ ಕಾಲ ಅಂದ್ರ ವ್ಯಾಳೆ. ಟೈಮ."

"ಎಲ್ಲಾರೂ ತಪ್ಪ," ಅಂತ ಸಿದ್ದವ್ವ ಡಬ್ಬಿಯ ಮೇಲಿಂದ ತೀರ್ಪು ಕೊಟ್ಟಳು. "ಕಾಲ ಅಂದ್ರ ಕಾಲು. ನಂದು ಎರಡೂ ನೋಯಾಕತ್ತಾವ, ಲಗೂನ ಬೀಸಿಕೊಡು."

ನಿನ್ನೆಯ ಕಡೆ ಇಬ್ಬರು, ವೇಳೆಯ ಕಡೆ ಒಬ್ಬಳು, ಕಾಲಿನ ಕಡೆ ಒಬ್ಬಳು. ನಿನ್ನೆ ಗೆದ್ದಿತು ಅಂತ ಸಾರಿದೆ. ಕಸ್ತೂರಿ, "ತಡೀರಿ, ಕಣ್ಣ ನೆಟ್ಟಗಾಗಲಿ. ತಾಟಿನಾಗ ಮತ್ತ ಹಿಟ್ಟ ಹರವತೀನಿ" ಅಂದಳು. ಆಕೆ ಹೇಳಿದ್ದೇ ಸರಿ ಅಂತ ನನಗೆ ಆ ಹೊತ್ತಿಗೇ ಹೊಳೆದಿತ್ತು. ಆದರೆ ನಾಲ್ಕು ಗಿರಾಕಿಗಳ ಮುಂದೆ ಗಿರಣಿಯವನು ಸೋತರೆ ಹಿಟ್ಟಿನ ಮೇಲಿನ ವಿಶ್ವಾಸವೂ ಹೋಗುತ್ತದೆ.

ಮಾರನೇ ದಿನ ಮುಂಜಾನೆ ಜೋಳ ಬೀಸುತ್ತ, ಮುಂದೇನಾಗುತ್ತದೋ ನೋಡೋಣ ಅಂತ ಕೊನೆಯ ಪುಟ ತೆಗೆದೆ. ತೆಗೆಯಬಾರದಿತ್ತು. ಮಾಧವ ಮನೆಗೇನೋ ಬರುತ್ತಾನೆ, ಆದರೆ ಎಪ್ಪತ್ತು ವರ್ಷ ಕಳೆದು. ಮಗಳು ಮುದುಕಿಯಾಗಿದ್ದಾಳೆ. ಅಪ್ಪನ ಗುರುತು ಸಿಗುವುದಿಲ್ಲ. ಎರಡೂ ಕೈಯಿಂದ ಪುಟ ಹಿಡಿದುಕೊಂಡು ಹಾಗೇ ನಿಂತೆ. ಹಿಟ್ಟಿನ ಧೂಳು ಕಣ್ಣಿಗೆ ಬಿತ್ತು ಅನ್ನಲು ಗಿರಣಿಯಂಥ ಅನುಕೂಲದ ಜಾಗ ಇನ್ನೊಂದಿಲ್ಲ. ಕಲ್ಲು ಕೆತ್ತಿ ಬೆಳೆದ ನನಗೇ ಹೀಗಾದರೆ ಆ ಒಂದು ಕಣ್ಣಿನವಳ ಗತಿ ಏನು? ಓದುವುದಿಲ್ಲ ಅಂದರೆ ಆಕೆ ಬಿಡುವವಳಲ್ಲ. ರೇಖಾಗೆ ಕನ್ನಡ ಅಕ್ಷರ ಹೇಳಿಕೊಟ್ಟಾದರೂ ಕೂಡಿಸಿ ಕೂಡಿಸಿ ಓದಿಸುತ್ತಾಳೆ.

ಮಧ್ಯಾಹ್ನ ಗಿರಣಿ ಬಂದ್ ಮಾಡಿ, ಗಂಟಲು ಸರಿ ಮಾಡಿಕೊಂಡು ಶುರು ಮಾಡಿದೆ. "ಮಾಧವನು ಯಂತ್ರದ ಕೀಲಿ ತಿರುವಿದನು. ಅದು ತನ್ನ ಹೆಸರಿಗೆ ತಕ್ಕಂತೆ ಅವನನ್ನು ನಿನ್ನೆಗೆ ತಂದು ಬಿಟ್ಟಿತು."

ಕಸ್ತೂರಿ ಹುಬ್ಬೇರಿಸಿದಳು. "ಹಂಗ ಬರದಾನೇನ್ರಿ?"

"ಹೂಂ. ಇಲ್ಲೇ ಐತೆಲ್ಲ," ಅಂತ ಬೆರಳಿಟ್ಟು ತೋರಿಸಿದೆ, ಕರಿ ಚಷ್ಮಾದವಳಿಗೆ.

"ಬರಿಯೂ ತರಹ ಬ್ಯಾರೆ ಅನಸಾಕತ್ತೈತಿ."

"ಅರ್ಧ ಪುಸ್ತಕ ಆದ ಮ್ಯಾಲ ಅವಗ ಬುದ್ಧಿ ಬಂದೈತಿ."

ಮಾಧವ ಮನೆಗೆ ಹೋದ, ಮಗಳು ಅಂಗಳದಲ್ಲೇ ಆಡುತ್ತಿದ್ದಳು, ಹಾಲು ಇನ್ನೂ ಒಲೆಗೇ ಏರಿರಲಿಲ್ಲ ಅಂತ ಸುಖವಾಗಿ ಓದುತ್ತ ಹೊರಟೆ. ರೇಖಾ ನಡುವೆ ಕೈ ಎತ್ತಿದಳು.

"ಮಾಮಾ, ಅಂವ ಯಂತ್ರದಾಗ ಕುಂತಿದ್ದು ಇವತ್ತ. ಬಂದಿದ್ದು ನಿನ್ನಿಗಿ. ಅಂದ್ರ ನಿನ್ನಿನ ಮಾಧವ ಮನ್ಯಾಗ ಇರಬೇಕಲ್ರಿ. ಇಬ್ಬರಾದ್ರಲ್ಲ?"

ಬಾರಾವಿ ಓದಿದವರ ತಾಪತ್ರಯ ಇದು. ನಾನು ಎರಡು ಹಾಳೆ ತಿರುವಿ ಹಾಕಿ ಹುಡುಕಿದಂತೆ ಮಾಡಿದೆ. "ಹೌದು, ಬರದಾನ. ಇಬ್ಬರಾದರು. ಒಬ್ಬಾಂವ ಹಾಲ ಕಾಯಾಕ ಮನ್ಯಾಗ ಕುಂತ. ಒಬ್ಬಾಂವ ಡಬ್ಬಿ ತಗೊಂಡ ಗಿರಣಿಗಿ ಹೋದ."

"ಆ ಯಂತ್ರ ಎಲ್ಲೆ ಸಿಗತೈತ್ರಿ?" ಅಂದಳು ರೇಖಾ. "ನಮ್ಮನಿಯವರನ್ನ ಎರಡ ಮಾಡಿದ್ರ ಒಬ್ಬರರ ಕೆಲಸ ಮಾಡತಾರ."

"ಬ್ಯಾಡ ನನ್ನವ್ವ," ಅಂದಳು ಸಿದ್ದವ್ವ. "ಎರಡೂ ಒಂದ ಹೊರಸಿನ ಮ್ಯಾಲ ಮಲಗತಾವ. ನೀ ಎರಡ ಪಟ್ಟ ಭಕ್ಕರಿ ಬಡಿಬೇಕಾಗತೈತಿ."

ಕಸ್ತೂರಿ ನಗಲು ಶುರು ಮಾಡಿದಳು. ಮೊದಲು ಹೆಗಲು ಕುಣಿದವು, ಆಮೇಲೆ ಕುರ್ಚಿ ಕಿರಿಗುಟ್ಟಿತು, ಆಮೇಲೆ ಕರಿ ಚಷ್ಮಾದ ಕೆಳಗಿನಿಂದ ನೀರು ಇಳಿಯಿತು. ನಕ್ಕು ಬಂದ ನೀರು ಅಂತ ಕೈಗೆ ತಿಳಿಯುತ್ತದೆಯೇ? ಅದು ರೂಢಿಯಂತೆ ಸೆರಗು ಹಿಡಿದು ಕಣ್ಣಿಗೆ ಹೊರಟಿತು. ನಾನು ಪುಸ್ತಕ ಒಗೆದು ಆಕೆಯ ಎರಡೂ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡೆ, ಹಾಡಹಗಲು, ಏಳೆಂಟು ಜನ ಹೆಂಗಸರ ಮುಂದೆ. ರೇಖಾ ಓಡಿ ಹೋಗಿ ಸ್ವಚ್ಛ ಹತ್ತಿ ತಂದು ಗಲ್ಲ ಒರೆಸಿದಳು.

"ಲಗ್ನದಾಗ ಕೈ ಹಿಡಿಸಿದ್ದಿಲ್ಲೇನೋ ಮಲ್ಲೂ?" ಅಂತ ಸಿದ್ದವ್ವ ಕೇಳಿದಳು. "ಈಗ ಹಿಡಕೊಂಡ ನಿಂತಿ."

ನಾನು ನಗಲಿಲ್ಲ. ಆ ಹೊತ್ತಿನಲ್ಲಿ ಕಣ್ಣಿಗೆ ಏನಾದರೂ ಆಗಿದ್ದರೆ? ಅಳಿಸಬಾರದು ಅಂತ ಹೋಗಿ ನಗಿಸಿ ಕೆಡಿಸಿದೆನೇ? ಅಂದಿನಿಂದ ಓದುವಾಗ ಆಕೆಯ ಕೈಗೆ ಶೇಂಗಾದ ಬುಟ್ಟಿ ಕೊಟ್ಟು ಸುಲಿಯಲು ಹಚ್ಚಿದೆ. ಮಾಧವರಿಬ್ಬರ ಸಂಸಾರ ಇನ್ನೂ ಮೂರು ವಾರ ನಡೆಯಿತು. ಓಣಿಯ ಪಾಲಿಗೆ ಅದೇ ಕಥೆ.

ತಿಂಗಳು ತುಂಬಿ ತಪಾಸಣೆಗೆ ಸೊಲ್ಲಾಪುರಕ್ಕೆ ಹೊರಟೆವು. ಪುಸ್ತಕವನ್ನು ನಾನು ಬೇಕಂತಲೇ ಮರೆತು ಬಂದಿದ್ದೆ. ಬಸ್ಸಿನಲ್ಲಿ ನೋಡಿದರೆ ಆಕೆಯ ಚೀಲದಲ್ಲಿದೆ. "ಡಾಕ್ಟರ ಹೂಂ ಅಂದ್ರ ಬರೂ ಮುಂದ ನಾನ ಓದಕೋತ ಬರ್ತೀನಿ" ಅಂದಳು. ನಾನು ಕಿಟಕಿಯ ಹೊರಗೆ ನೋಡಿದೆ.

ದೂರದ ನೋಟದ ತಪಾಸಣೆ ಚೆನ್ನಾಗಿಯೇ ಆಯಿತು. ಡಾಕ್ಟರರು ಎಷ್ಟು ಬೆರಳು ಅಂತ ಕೇಳಿದರು, ಗೋಡೆಯ ಮೇಲಿನ ಗೆರೆ ಯಾವ ದಿಕ್ಕಿಗೆ ಅಂತ ಕೇಳಿದರು, ಆಕೆ ಎಲ್ಲಕ್ಕೂ ಟಕಟಕ ಹೇಳಿದಳು. ಆಮೇಲೆ ಒಂದು ಭಾರವಾದ ಗುಂಡು ಚೌಕಟ್ಟು ಮೂಗಿನ ಮೇಲೆ ಕೂರಿಸಿ, ಅದರಲ್ಲಿ ಗಾಜು ಹಾಕಿ, ಕೈಗೆ ಓದುವ ಕಾರ್ಡು ಕೊಟ್ಟರು.

"ವಾಚಾ, ಮಾವಶಿ," ಅಂದರು. ಓದ್ರಿ ಚಿಗವ್ವಾ ಅಂತ.

ಕಸ್ತೂರಿ ಸುಮ್ಮನೆ ಕೂತಳು. ಡಾಕ್ಟರರು ಗಾಜು ಬದಲಿಸಿದರು. ಸುಮ್ಮನೆ. ಆ ನರ್ಸ್ ಹುಡುಗಿ ಎಲ್ಲಕ್ಕಿಂತ ದೊಡ್ಡ ಸಾಲಿಗೆ ಬೆರಳಿಟ್ಟಳು. ಆಗಲೂ ಸುಮ್ಮನೆ. ಗಿರಣಿಯ ಕಲ್ಲಿಗೆ ಕಬ್ಬಿಣದ ಮೊಳೆ ಸಿಕ್ಕಾಗ ಒಂದು ಸದ್ದು ಬರುತ್ತದೆ. ನನ್ನ ಎದೆಯಲ್ಲಿ ಆ ಸದ್ದು ಬಂತು. ಮುಗಿಯಿತು. ನಗಿಸಿದವನು ನಾನು. ಇನ್ನು ಈಕೆ ಜೀವಮಾನದಲ್ಲಿ ಒಂದು ಪುಟ ಓದಲಾರಳು. ಯಾವ ನಿನ್ನೆಗೆ ಹೋಗಿ ಅದನ್ನು ಸರಿ ಮಾಡಿ ಬರಲಿ?

"ಕಾಣಸತೈತಿ ಇಲ್ರಿ ಮಾವಶಿ?" ಅಂತ ಹುಡುಗಿ ಕೇಳಿದಳು.

ಕಸ್ತೂರಿ ನನ್ನ ಕಡೆ ಬಾಗಿ, ಮೆಲ್ಲಗೆ, ನಾಚಿಕೆಯಿಂದ ಹೇಳಿದಳು. "ರೀ, ಅಕ್ಷರ ಸ್ವಚ್ಛ ಕಾಣಸಾಕತ್ತಾವ. ಗುರ್ತ ಇಲ್ಲ. ಮರಾಠಿ ಅದಾವ."

ಡಾಕ್ಟರರ ಎದುರಿಗೇ ನಾನು ಕುರ್ಚಿಯ ಮೇಲೆ ಕುಸಿದು ಕೂತೆ. ಅವರಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದೆ. ಅವರು ನಕ್ಕು, ಕನ್ನಡದ್ದು ಏನಾದರೂ ಇದೆಯೇ ಅಂತ ಹುಡುಗಿಗೆ ಕೇಳಿದರು. ಕಾರ್ಡು ಇರಲಿಲ್ಲ. "ನಮ್ಮ ಮನ್ಯಾಗ ಮಾತ ಕನ್ನಡಾನ್ರಿ, ಓದಾಕ ಬರೂದಿಲ್ಲ" ಅಂತ ಹುಡುಗಿ ನನಗೆ ಹೇಳಿದಳು. ಅಷ್ಟರಲ್ಲಿ ಕಸ್ತೂರಿ ಚೀಲದಿಂದ ಪುಸ್ತಕ ತೆಗೆದು ಮುಂದೆ ಹಿಡಿದಿದ್ದಳು. ಹುಡುಗಿ ಅದನ್ನು ಇಸಿದುಕೊಂಡು, ತಲೆಕೆಳಗಾಗಿ ಹಿಡಿದು, ತೆರೆದು ಆಕೆಯ ಕೈಗಿತ್ತಳು. ಕಸ್ತೂರಿ ಸೀದಾ ಮಾಡಿಕೊಂಡಳು. ಕೊನೆಯ ಪುಟ.

"ಮದಲಿನ ಹಾಳಿ ತಗಿ, ಅಲ್ಲೆ ಅಕ್ಷರ ಚಂದ ಅದಾವ" ಅಂತ ಪುಟ ತಿರುವಲು ಹೋದೆ.

ಇದೇ ಸಣ್ಣ ಅಕ್ಷರ, ಇದೇ ಒಳ್ಳೆಯದು, ಅಂದರು ಡಾಕ್ಟರರು. ಮತ್ತೆ, ನಮಗ್ಯಾರಿಗೂ ತಿಳಿಯುವುದಿಲ್ಲ, ಸರಿಯಾಗಿ ಓದುತ್ತಾರೋ ಇಲ್ಲವೋ ನೀವೇ ಹೇಳಬೇಕು, ಅಂದರು. ಏಳನೇ ಇಯತ್ತೆಗೆ ಸಾಲಿ ಬಿಟ್ಟವನನ್ನು ಒಬ್ಬ ಡಾಕ್ಟರು ಪರೀಕ್ಷಕನಾಗಿ ಕೂರಿಸಿದರು. ಬೇರೆ ದಿನವಾಗಿದ್ದರೆ ಎದೆ ಉಬ್ಬಿಸುತ್ತಿದ್ದೆ.

"ಬಾಗಿಲು ತೆರೆದವಳ ತಲೆ ಪೂರ್ತಿ ನರೆತಿತ್ತು," ಅಂತ ಕಸ್ತೂರಿ ಓದಿದಳು.

"ಬರೋಬರ," ಅಂದೆ.

"ಯಾರು ಬೇಕಾಗಿತ್ತು ಎಂದು ಆಕೆ ಕೇಳಿದಳು."

"ಬರೋಬರ."

ಕಸ್ತೂರಿ ಓದು ನಿಲ್ಲಿಸಿದಳು. ಗುಂಡು ಗಾಜು ನನ್ನ ಕಡೆ ತಿರುಗಿತು. "ರೀ, ಇಂವ ಯಾವ ಮಾಧವ? ಮನ್ಯಾಗ ಕುಂತಾಂವೋ, ಗಿರಣಿಗಿ ಹೋದಾಂವೋ?"

"ಓದು. ಡಾಕ್ಟರ ಕಾಯಾಕತ್ತಾರ."

"ಅವನು ಹೆಸರು ಹೇಳಲಿಲ್ಲ. ದಾರಿ ತಪ್ಪಿ ಬಂದೆ ಎಂದ."

"ಬರೋಬರ." ಒಂದೊಂದು ಬರೋಬರಕ್ಕೂ ನಾನು ಒಂದೊಂದು ಸುಳ್ಳು ಒಪ್ಪಿಕೊಳ್ಳುತ್ತಿದ್ದೆ. ಡಾಕ್ಟರರು ಪ್ರತಿ ಸಲವೂ ಸಂತೋಷದಿಂದ ತಲೆಯಾಡಿಸುತ್ತಿದ್ದರು.

"ಆಕೆ ಒಲೆಯ ಮೇಲಿನ ಪಾತ್ರೆ ಇಳಿಸಿ, ಲೋಟ ತುಂಬಿ ಅವನ ಮುಂದಿಟ್ಟಳು. ಕೂತು ಕುಡಿಯಿರಿ, ಹಾಲು ಈಗಷ್ಟೇ ಉಕ್ಕಿತು ಎಂದಳು."

ಗುಂಡು ಚೌಕಟ್ಟಿನ ಕೆಳಗಿನಿಂದ ನೀರು ಇಳಿದು ಪುಟದ ಮೇಲೆ ಬಿತ್ತು. ಡಾಕ್ಟರರು ಗಾಬರಿಯಾಗಿ ನೋವಾಗುತ್ತದೆಯೇ ಅಂತ ಕೇಳಿದರು. ಕಣ್ಣಲ್ಲ, ಪುಸ್ತಕ ಅಂದೆ. ಅವರು ಕಣ್ಣಿಗೆ ಬೆಳಕು ಹಾಕಿ ನೋಡಿ, ಬೆನ್ನು ಚಪ್ಪರಿಸಿ, ಕಣ್ಣು ಗಟ್ಟಿಯಾಗಿದೆ, ಇನ್ನು ಅತ್ತರೂ ಅಡ್ಡಿ ಇಲ್ಲ, ತಿಕ್ಕಬೇಡಿ ಅಷ್ಟೇ, ಅಂದರು. ಬರೆದುಕೊಳ್ಳಲು ಪೆನ್ನು ತೆಗೆದು, ಈಗ ಎಲ್ಲಾ ಸ್ವಚ್ಛ ಕಾಣುತ್ತದೆಯೇ ಅಂತ ಕೊನೆಯದಾಗಿ ಕೇಳಿದರು.

ಕಸ್ತೂರಿ ಹತ್ತಿಯಿಂದ ಗಲ್ಲ ಒತ್ತಿಕೊಂಡು ನನ್ನ ಮುಖವನ್ನೇ ನೋಡಿದಳು. ತಿಂಗಳ ಮೇಲೆ ಸ್ವಚ್ಛವಾಗಿ ನೋಡುತ್ತಿದ್ದಳು, ಬಹಳ ಹೊತ್ತು ನೋಡಿದಳು.

"ಡಾಕ್ಟರಗ ಹೇಳ್ರಿ," ಅಂದಳು. "ಅಕ್ಷರ ಅಷ್ಟ ಅಲ್ಲ, ನನ್ನ ಗಂಡ ಒಂದ ತಿಂಗಳ ಕುಂತು ಹೇಳಿದ ಸುಳ್ಳ ಸುದ್ದಾ ಅವರ ಮಾರಿ ಮ್ಯಾಲ ಬಿಡಿಬಿಡಿ ಕಾಣಸಾಕತ್ತೈತಿ ಅಂತ."

ಹುಡುಗಿ ಕಿಸಕ್ಕನೆ ನಕ್ಕು ಡಾಕ್ಟರರಿಗೆ ಹೇಳಲು ಬಾಯಿ ತೆರೆದಳು. ನಾನು ಕೈ ಎತ್ತಿ ತಡೆದೆ. ನಮ್ಮ ಮನೆಯಲ್ಲಿ ಓದಿ ಹೇಳುವುದು ನನ್ನ ಕೆಲಸ. ಎದ್ದು ನಿಂತು, ಟೊಪ್ಪಿಗೆ ಸರಿ ಮಾಡಿಕೊಂಡು, ಆಕೆ ಅಂದದ್ದನ್ನು ಮರಾಠಿಯಲ್ಲಿ ಡಾಕ್ಟರರಿಗೆ ಹೇಳಿದೆ. ಒಂದು ಶಬ್ದವನ್ನೂ ಬದಲಿಸಲಿಲ್ಲ.